ತೊಗರಿ ರಾಶಿ ಯಂತ್ರಕ್ಕೆ ಬುಕಿಂಗ್ ಆ್ಯಪ್: ಕಟ್ಟುವ ಮೊದಲು ಪರೀಕ್ಷಿಸುವುದು ಹೇಗೆ?

ಪ್ರಶ್ನೆ (ಆಳಂದದವನು)

ನಮಸ್ಕಾರ. ನಾನು ಕಲಬುರಗಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಡಿಸೆಂಬರ್–ಜನವರಿಯಲ್ಲಿ ತೊಗರಿ ಕೊಯ್ದು ಒಟ್ಟಿದ ಮೇಲೆ ನಮ್ಮ ಭಾಗದ ಸಣ್ಣ ರೈತರು ಕಾಳು ಬಿಡಿಸುವ ರಾಶಿ ಯಂತ್ರಕ್ಕಾಗಿ ದಿನಗಟ್ಟಲೆ ಕಾಯುತ್ತಾರೆ. ಯಂತ್ರವನ್ನು ಮುಂಚಿತವಾಗಿ ಗೊತ್ತು ಮಾಡಿಕೊಳ್ಳುವ ಆ್ಯಪ್ ಕಟ್ಟಬೇಕೆಂದಿದ್ದೇವೆ. ನಕ್ಷೆ, ಆನ್‌ಲೈನ್ ಪಾವತಿ, ಜಿಪಿಎಸ್ ಎಲ್ಲವೂ ಮೊದಲ ದಿನದಿಂದಲೇ ಇರಬೇಕೆಂಬುದು ಗೆಳೆಯರ ವಾದ. ಕೇಳಿದ ರೈತರೆಲ್ಲರೂ ‘ಛಲೋ ಅದ, ಮಾಡ್ರಿ’ ಎಂದಿದ್ದಾರೆ. ಇಷ್ಟು ನಂಬಿ ಹಣ ಹಾಕಬಹುದೇ?

ಉತ್ತರ 1 (ಕಲಬುರಗಿ, ಉತ್ಪನ್ನ ವಿನ್ಯಾಸ)

ಮನೆಗೆ ಬಂದು ಕೇಳಿದವರಿಗೆ ನಮ್ಮ ಕಡೆ ಯಾರೂ ‘ಬ್ಯಾಡ’ ಎನ್ನುವುದಿಲ್ಲ, ಆದ್ದರಿಂದ ಆ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಣ್ಣ ಮೊತ್ತವಾದರೂ ಸರಿ, ಮುಂಗಡ ಕೊಟ್ಟವರನ್ನು ಮಾತ್ರ ಎಣಿಸಿ.

1999ರಲ್ಲಿ ಅಮೆರಿಕದ ನಿಕ್ ಸ್ವಿನ್‌ಮರ್ನ್ ಆನ್‌ಲೈನ್‌ನಲ್ಲಿ ಬೂಟು ಮಾರಲು ಹೊರಟಾಗ ಗೋದಾಮು ಕಟ್ಟಲಿಲ್ಲ. ಹತ್ತಿರದ ಅಂಗಡಿಗಳಲ್ಲಿ ಬೂಟುಗಳ ಚಿತ್ರ ತೆಗೆದು ಜಾಲತಾಣಕ್ಕೆ ಹಾಕಿದರು, ಆರ್ಡರ್ ಬಂದಾಗ ಅದೇ ಅಂಗಡಿಯಲ್ಲಿ ಕೊಂಡು ಕಳುಹಿಸಿದರು. ಅದರಲ್ಲಿ ಲಾಭವಿರಲಿಲ್ಲ, ಆದರೆ ಕಾಲಿಗೆ ಹಾಕಿ ನೋಡದೆಯೂ ಜನ ಬೂಟು ಕೊಳ್ಳುತ್ತಾರೆಂಬುದು ಖಚಿತವಾಯಿತು. ಮುಂದೆ ಅದೇ ಝಾಪೋಸ್ ಎಂಬ ಕಂಪನಿಯಾಗಿ, 2009ರಲ್ಲಿ ಅಮೆಜಾನ್ ಪಾಲಾಯಿತು.

ನಿಮಗೂ ಒಂದು ಮೊಬೈಲ್ ನಂಬರು, ಒಂದು ವಾಟ್ಸ್‌ಆ್ಯಪ್ ಗುಂಪು, ಒಂದು ನೋಟ್‌ಬುಕ್ ಸಾಕು. ಎರಡು ಮೂರು ಊರುಗಳನ್ನು ಆರಿಸಿ, ಯಂತ್ರದವರಿಗೆ ನೀವೇ ಫೋನ್ ಮಾಡಿ ಸರದಿ ಗೊತ್ತು ಮಾಡಿ. ಮುಂಗಡ ಎಷ್ಟು ಜನ ಕೊಟ್ಟರೆ ಮುಂದುವರಿಯುವುದು, ಎಷ್ಟಕ್ಕಿಂತ ಕಡಿಮೆಯಾದರೆ ಕೈಬಿಡುವುದು ಎಂಬುದನ್ನು ಶುರುವಿಗೆ ಮೊದಲೇ ಬರೆದಿಟ್ಟುಕೊಳ್ಳಿ. ಫಲಿತಾಂಶ ಬಂದ ಮೇಲೆ ಮನಸ್ಸು ತನಗೆ ಬೇಕಾದ ಸಮರ್ಥನೆಯನ್ನು ಹೇಗಾದರೂ ಹುಡುಕಿಕೊಳ್ಳುತ್ತದೆ. ತೊಗರಿಯ ಸುಗ್ಗಿ ವರ್ಷಕ್ಕೊಂದೇ ಸಲ ಬರುವುದರಿಂದ, ಈ ಸಲ ಜಿಪಿಎಸ್ ಕಟ್ಟುತ್ತ ಕುಳಿತರೆ ಕಲಿಯುವ ಅವಕಾಶ ಮತ್ತೊಂದು ವರ್ಷ ಮುಂದಕ್ಕೆ ಹೋಗುತ್ತದೆ.

ಉತ್ತರ 2 (ಜೇವರ್ಗಿ, ಯಂತ್ರದ ಮಾಲೀಕ)

ಮೇಲಿನವರು ರೈತರ ಕಡೆಯಿಂದಷ್ಟೇ ನೋಡಿದ್ದಾರೆ. ನಮ್ಮ ಕಡೆಯ ತೊಡಕು ಬೇರೆ. ಮೋಡ ಕವಿದರೆ, ಇಬ್ಬನಿ ಹೆಚ್ಚಾದರೆ ಕಟ್ಟಿಗೆ ಹಸಿಯಾಗಿ ಕಾಳು ಸರಿಯಾಗಿ ಬಿಡುವುದಿಲ್ಲ, ಆ ದಿನದ ಕೆಲಸವೆಲ್ಲ ಹಿಂದೆ ಸರಿಯುತ್ತದೆ. ಹೀಗಿರುವಾಗ ಇಂಥ ತಾರೀಖು, ಇಂಥ ಹೊತ್ತು ಎಂದು ಯಾವ ಮಾಲೀಕನೂ ಮಾತು ಕೊಡಲಾರ. ಬಾಡಿಗೆ ಚೀಲದ ಲೆಕ್ಕದಲ್ಲಿರುವಾಗ ನಾಲ್ಕು ಚೀಲದ ಹೊಲಕ್ಕಾಗಿ ಟ್ರ್ಯಾಕ್ಟರ್ ಹೊಡೆದುಕೊಂಡು ದೂರ ಹೋದರೆ ಡೀಸೆಲ್ ಖರ್ಚೂ ಗಿಟ್ಟುವುದಿಲ್ಲ, ಆದ್ದರಿಂದಲೇ ದೊಡ್ಡ ರಾಶಿ ಮೊದಲು, ಸಣ್ಣವರು ಕೊನೆಗೆ. ಯಂತ್ರ ಎಲ್ಲಿದೆ ಎಂಬುದು ಸಣ್ಣ ರೈತನಿಗೆ ಚೆನ್ನಾಗಿಯೇ ಗೊತ್ತಿರುತ್ತದೆ, ಅದು ತನ್ನ ಹೊಲಕ್ಕೆ ಬರುವುದಿಲ್ಲವೆಂಬುದೇ ಅವನ ತೊಂದರೆ. ಅಕ್ಕಪಕ್ಕದ ಹೊಲಗಳ ಐದಾರು ಸಣ್ಣ ರೈತರನ್ನು ಒಟ್ಟುಗೂಡಿಸಿ ಒಂದೇ ಕಡೆ ಸಾಕಷ್ಟು ಚೀಲ ತೋರಿಸಿದರೆ ನಾನಂತೂ ಬರುತ್ತೇನೆ.

ಉತ್ತರ 3 (ಚಿತ್ತಾಪುರ)

ಮಾಲೀಕರ ಮಾತು ನಿಜವಾದರೆ ಪರೀಕ್ಷಿಸಬೇಕಾದ ಪ್ರಶ್ನೆಯೇ ಬದಲಾಯಿತು. ರೈತರು ಆ್ಯಪ್ ಬಳಸುತ್ತಾರೆಯೇ ಎಂಬುದು ಆಮೇಲಿನ ಮಾತು. ಅಕ್ಕಪಕ್ಕದವರು ಒಂದೇ ದಿನ ರಾಶಿಗೆ ಒಪ್ಪುತ್ತಾರೆಯೇ, ಯಾರ ಹೊಲ ಮೊದಲು ಎಂಬ ಜಗಳವಿಲ್ಲದೆ ಮುಗಿಯುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಒಂದು ಎಚ್ಚರಿಕೆ: ಪರೀಕ್ಷೆಯನ್ನು ನಿಮ್ಮ ಸ್ವಂತ ಊರಿನಲ್ಲಿ ಮಾಡಬೇಡಿ. ಅಲ್ಲಿ ಜನ ನಿಮ್ಮ ಮನೆತನದ ಮುಖ ನೋಡಿ ಒಪ್ಪುತ್ತಾರೆ, ಸೇವೆಯನ್ನು ನೋಡಿ ಅಲ್ಲ. ಸರದಿ ಹೊಂದಿಸಲು ದಿನಕ್ಕೆ ನಿಮ್ಮ ಎಷ್ಟು ಗಂಟೆ ಹೋಯಿತೆಂಬುದನ್ನೂ ಬರೆದಿಡಿ, ಆ್ಯಪ್ ಉಳಿಸಬೇಕಾದದ್ದು ಆ ಗಂಟೆಗಳನ್ನೇ.

ಆಳಂದದವನು

ಎಲ್ಲರಿಗೂ ಧನ್ಯವಾದಗಳು. ಕೋಡಿಂಗ್ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಲು ಗೆಳೆಯರು ಒಪ್ಪಿದ್ದಾರೆ. ಪರಿಚಯವಿಲ್ಲದ ಎರಡು ಊರುಗಳಲ್ಲಿ, ಗುಂಪಾಗಿ ಬರುವವರಿಂದ ಮಾತ್ರ ಮುಂಗಡ ತೆಗೆದುಕೊಂಡು ನೋಡುತ್ತೇವೆ. ಜೇವರ್ಗಿಯವರೇ, ಒಂದು ಗುಂಪಿನಲ್ಲಿ ಕನಿಷ್ಠ ಎಷ್ಟು ಚೀಲವಿದ್ದರೆ ತಾವು ಬರುವಿರಿ?