ಸಹಾಯ ಬೇಕು: ವಯೋಮಿಂಗ್‌ನ ಲಾರಮಿ ಸುತ್ತಮುತ್ತ ನಾಯಿ ನೋಡಿಕೊಳ್ಳುವವರು ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ತಂಗಿ ಮದುವೆ, ಮನೆಮಂದಿಯೆಲ್ಲ ಶಿವಮೊಗ್ಗಕ್ಕೆ ಹೊರಟಿದ್ದೇವೆ. ನಮ್ಮ ಕರಿಯನನ್ನು ಮೂರು ವಾರ ಎಲ್ಲಿ ಬಿಡುವುದು ಅನ್ನುವುದೇ ಚಿಂತೆ.

ಇಡೀ ವಯೋಮಿಂಗ್‌ನಲ್ಲಿ ಇರುವುದೇ ಸುಮಾರು 6 ಲಕ್ಷ ಜನ. ಅಮೆರಿಕದ ರಾಜ್ಯಗಳಲ್ಲೇ ಅತಿ ಕಡಿಮೆ. ನಾಯಿಗಳನ್ನು ಇರಿಸಿಕೊಂಡು ನೋಡಿಕೊಳ್ಳುವ ಬೋರ್ಡಿಂಗ್ ಜಾಗಗಳೂ ಬೆರಳೆಣಿಕೆಯಷ್ಟೇ. ಊರಲ್ಲಿ ಕೇಳಿದ ಕಡೆಯೆಲ್ಲ ಜಾಗ ಭರ್ತಿ, ಇಲ್ಲವೇ ಔಷಧಿ ಕೊಡುವ ಜವಾಬ್ದಾರಿ ಬೇಡ ಅನ್ನುತ್ತಾರೆ.

ಕರಿಯನಿಗೆ ಫಿಟ್ಸ್ ಇದೆ. ಫಿನೋಬಾರ್ಬಿಟಲ್ ಮಾತ್ರೆ 12 ಗಂಟೆಗೊಮ್ಮೆ ಕೊಡಲೇಬೇಕು. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಜಾಸ್ತಿಯಾಗುತ್ತದೆ. ಚೀಸ್ ಒಳಗಿಟ್ಟರೆ ಚೀಸ್ ನುಂಗಿ ಮಾತ್ರೆ ಉಗಿದುಬಿಡುತ್ತಾನೆ. ಪೀನಟ್ ಬಟರ್ ಸವರಿ ನಾಲಿಗೆಯ ಹಿಂದೆ ಇಟ್ಟರೆ ಸುಮ್ನೆ ನುಂಗುತ್ತಾನೆ. ಉಳಿದಂತೆ ತುಂಬಾ ಸಾಧು, ಮಕ್ಕಳ ಜೊತೆಗೂ ಚೆನ್ನಾಗಿರುತ್ತಾನೆ. ರೇಬೀಸ್, ಕೆನೆಲ್ ಕಾಫ್ (ನಾಯಿಗಳಲ್ಲಿ ಹರಡುವ ಕೆಮ್ಮು) ಲಸಿಕೆ ಎಲ್ಲ ಆಗಿದೆ.

ಹತ್ತಿರದ ಶಾಯೆನ್ ನಗರದಲ್ಲಿ ಬಿಡೋಣ ಅಂದರೆ ಅದು 50 ಮೈಲಿ. ಆದರೆ ಚಳಿಗಾಲದಲ್ಲಿ ಹಿಮ, ಗಾಳಿ ಅಂತ ಐ-80 ಹೆದ್ದಾರಿ ಆಗಾಗ ಮುಚ್ಚುತ್ತದೆ. ವಿಮಾನದ ಹಿಂದಿನ ದಿನ ಹಾಗಾದರೆ ಕಷ್ಟ ಅಲ್ವಾ? ಡೆನ್ವರ್‌ನಿಂದಲೇ ಹೊರಡುವುದರಿಂದ ದಾರಿಯಲ್ಲಿ ಸಿಗುವ ಕೊಲೊರಾಡೊದ ಫೋರ್ಟ್ ಕಾಲಿನ್ಸ್ ಆದರೂ ಪರವಾಗಿಲ್ಲ. ಭಾರತಕ್ಕೆ ಕರೆದುಕೊಂಡು ಹೋಗುವ ಯೋಚನೆ ಬಿಟ್ಟಿದ್ದೇವೆ. ಅಷ್ಟು ದೂರದ ಪ್ರಯಾಣ ಅವನಿಗೆ ಆಗದು, ವಾಪಸ್ ತರಲು ರೇಬೀಸ್ ಕಾಗದಪತ್ರವೂ ಜಾಸ್ತಿ.

ಕೊಲೊರಾಡೊ ಕನ್ನಡಿಗರೇ, ಮಾತ್ರೆ ಕೊಟ್ಟು ನೋಡಿಕೊಳ್ಳುವ ಮನೆ, ಪಶುವೈದ್ಯರ ಕ್ಲಿನಿಕ್ ಅಥವಾ ನಮ್ಮ ಮನೆಗೇ ಬಂದು ಇರುವ ವೆಟರ್ನರಿ ವಿದ್ಯಾರ್ಥಿಗಳು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮೊದಲೇ ಒಂದು ರಾತ್ರಿ ಬಿಟ್ಟು ನೋಡಲೂ ಸಿದ್ಧ. ಹಣ ಎಷ್ಟಾದರೂ ಮಾತಾಡೋಣ.