ಟ್ರಂಕಿನಲ್ಲಿ ಸಿಕ್ಕ ಯಾಶಿಕಾ: ಮಗ್ಗದ ಮನೆಯ ದಿನಗಳನ್ನು ಫೋಟೋ ಹಿಡಿಯಲು ಇದು ಸಾಕೇ?

ಪ್ರಶ್ನೆ: ಮಗ್ಗದಮನೆ, ಬೆಟಗೇರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ-ಬೆಟಗೇರಿಯ ನೇಕಾರರ ಮನೆತನ. ಅಪ್ಪ ಇಂದಿಗೂ ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ, ಅವ್ವ ಪಡಸಾಲೆಯಲ್ಲಿ ಕುಳಿತು ಕಂಡಿಕೆ (ಲಾಳಿಗೆ ಹಾಕುವ ನೂಲಿನ ಕೊಳವೆ) ಸುತ್ತುತ್ತಾಳೆ. ಕಳೆದ ತಿಂಗಳು ಅಟ್ಟ ಸ್ವಚ್ಛ ಮಾಡುವಾಗ ಅವ್ವನ ಟ್ರಂಕಿನಲ್ಲಿ, ಹಳೆಯ ಇಳಕಲ್ ಸೀರೆಯೊಂದರ ಮಡಿಕೆಯೊಳಗೆ, ಯಾಶಿಕಾ ಎಂಎಫ್-2 ಸೂಪರ್ ಕ್ಯಾಮೆರಾ ಸಿಕ್ಕಿತು. ನಮ್ಮ ಅಕ್ಕನ ಜಾವಳದ ಫೋಟೋಗಳನ್ನೆಲ್ಲ ಸೋದರಮಾವ ಇದರಲ್ಲಿಯೇ ತೆಗೆದದ್ದಂತೆ.

ಅಂದು ಸಂಜೆ ಆಲ್ಬಮ್ಮುಗಳನ್ನೆಲ್ಲ ಇಳಿಸಿ ನೋಡಿದೆ. ಮದುವೆ, ಕುಬಸ, ಜಾವಳ, ಗೃಹಪ್ರವೇಶ ಎಲ್ಲವೂ ಇವೆ. ಆದರೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತು ನೇಯ್ದ ನಮ್ಮ ಅಜ್ಜನ, ನೇಯುತ್ತಿರುವ ಒಂದೇ ಒಂದು ಫೋಟೋ ಇಲ್ಲ. ಅಪ್ಪನ ವಿಷಯದಲ್ಲಿ ಹಾಗಾಗಬಾರದೆಂದು ನನಗೆ ಬಲವಾಗಿ ಅನಿಸಿದೆ. ಒಂದು ವರ್ಷ ಪೂರ್ತಿ, ತಿಂಗಳಿಗೆ ಒಂದು ರೀಲಿನಂತೆ, ಹಬ್ಬವಲ್ಲದ ದಿನಗಳನ್ನಷ್ಟೇ ತೆಗೆಯಬೇಕೆಂದಿದ್ದೇನೆ. ಮೊಬೈಲ್ ನನ್ನ ಬಳಿಯೂ ಇದೆ. ಆದರೆ ಅದರಲ್ಲಿ ತೆಗೆದ ಸಾವಿರಾರು ಚಿತ್ರಗಳಲ್ಲಿ ಒಂದನ್ನೂ ನಾವು ಮತ್ತೆ ತೆರೆದು ನೋಡಿಲ್ಲ.

ನನ್ನ ಪ್ರಶ್ನೆ ಇಷ್ಟು. ಈ ಯಾಶಿಕಾ ಸಾಕೇ, ಅಥವಾ ಹುಬ್ಬಳ್ಳಿಯಲ್ಲಿ ಒಬ್ಬರು ಮಾರಲು ಇಟ್ಟಿರುವ ಒಲಿಂಪಸ್ ಟ್ರಿಪ್ 35 ಕೊಳ್ಳುವುದು ಒಳ್ಳೆಯದೇ? ನಮ್ಮ ಮಗ್ಗದ ಕೋಣೆಗೆ ಇರುವುದು ಒಂದೇ ಕಿಟಕಿ ಮತ್ತು ಒಂದು ಬೆಳಕಿಂಡಿ ಎಂಬುದನ್ನು ಗಮನದಲ್ಲಿಟ್ಟು ತಿಳಿದವರು ಹೇಳಬೇಕೆಂದು ವಿನಂತಿ.

ಉತ್ತರ: ಹಳೆಸ್ಟುಡಿಯೊ, ಹುಬ್ಬಳ್ಳಿ

ನಾನು ಕೊಪ್ಪಿಕರ ರಸ್ತೆಯ ಆಸುಪಾಸಿನ ಸ್ಟುಡಿಯೊ ಒಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಕೊನೆಯ ಎಂಟು ವರ್ಷ ಕಲರ್ ಲ್ಯಾಬ್ ಯಂತ್ರದ ಮುಂದೆಯೇ ಕಳೆದೆ. ಆ ಕಾಲದಲ್ಲಿ ನಮ್ಮಲ್ಲಿಗೆ ತೊಳೆಸಲು ಬರುತ್ತಿದ್ದ ರೀಲುಗಳಲ್ಲಿ ಹೆಚ್ಚಿನವು ನಿಮ್ಮ ಯಾಶಿಕಾದಂತಹ ಅಥವಾ ಕೊಡಾಕ್ ಕೆಬಿ10ನಂತಹ ಸಾದಾ ಕ್ಯಾಮೆರಾಗಳಲ್ಲಿ ತೆಗೆದವೇ ಆಗಿರುತ್ತಿದ್ದವು. ಆದ್ದರಿಂದ ನಿಸ್ಸಂಶಯವಾಗಿ ಹೇಳುತ್ತೇನೆ, ಮೊದಲ ಮೂರು ರೀಲು ಅದರಲ್ಲಿಯೇ ತೆಗೆಯಿರಿ. ಕೈಯಲ್ಲಿರುವ ಹಣವನ್ನು ರೀಲಿಗೆ ಹಾಕಿ.

ಅದಕ್ಕೆ ಮುನ್ನ ಕ್ಯಾಮೆರಾವನ್ನು ಪರೀಕ್ಷಿಸಬೇಕು. ಹಿಂಬದಿಯ ಬಾಗಿಲು ತೆರೆದು, ಅಂಚಿನ ಸಣ್ಣ ತೋಡಿನಲ್ಲಿ ಕೂಡಿಸಿರುವ ಕಪ್ಪು ಫೋಮನ್ನು ಕಡ್ಡಿಯಿಂದ ಮುಟ್ಟಿ ನೋಡಿ. ಇಷ್ಟು ವರ್ಷದಲ್ಲಿ ಅದು ಕರಗಿ ಡಾಂಬರಿನಂತೆ ಅಂಟುತ್ತಿದ್ದರೆ ಬೆಳಕು ಒಳನುಗ್ಗಿ ಫೋಟೋದ ಅಂಚಿನಲ್ಲಿ ಕೆಂಪು-ಕಿತ್ತಳೆ ಬಣ್ಣದ ಪಟ್ಟೆ ಬೀಳುತ್ತದೆ. ಹಳೆಯದನ್ನು ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಪೂರ್ತಿ ತೆಗೆದು, ಆ ತೋಡಿನಲ್ಲಿ ಕಪ್ಪು ಉಣ್ಣೆಯ ದಾರವನ್ನು ತೆಳುವಾದ ಅಂಟಿನಿಂದ ಕೂಡಿಸಿದರೆ ಸಾಕು. ನೂಲಿನ ಕೆಲಸ ನಿಮ್ಮ ಮನೆಯವರಿಗೆ ಹೇಳಿಕೊಡಬೇಕಾದದ್ದೇನೂ ಇಲ್ಲ. ಫ್ಲಾಶಿಗೆ ಹಾಕುವ ಎರಡು ಪೆನ್ಸಿಲ್ ಸೆಲ್ಲುಗಳ ಜಾಗದಲ್ಲಿ ಹಸಿರು-ಬಿಳಿ ಕಿಲುಬು ಇದ್ದರೆ ನಿಂಬೆರಸ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಕ್ಯಾಮೆರಾದ ಮೇಲ್ಕವಚವನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ; ಫ್ಲಾಶಿನ ಕೆಪಾಸಿಟರ್ ಸೆಲ್ ತೆಗೆದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡು ಜೋರಾಗಿ ಹೊಡೆಯುತ್ತದೆ. ಇನ್ನು, ಇಂತಹ ಹಲವು ಕ್ಯಾಮೆರಾಗಳಲ್ಲಿ ರೀಲು ಇಲ್ಲದಿರುವಾಗ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಕೆಟ್ಟಿದೆಯೆಂದು ತಿಳಿಯಬೇಡಿ, ಒಳಗಿನ ಹಲ್ಲುಗಾಲಿಯನ್ನು ಬೆರಳಿನಿಂದ ತಿರುಗಿಸಿದರೆ ಶಟರ್ (ಬೆಳಕಿಗೆ ತೆರೆದು ಮುಚ್ಚುವ ಪರದೆ) ಸಜ್ಜಾಗುತ್ತದೆ.

ಒಂದು ಮಾತನ್ನು ನನ್ನ ನೋವಿನಿಂದ ಹೇಳುತ್ತಿದ್ದೇನೆ. ನಮ್ಮ ತಂಗಿಯ ಕುಬಸದ ದಿನ ಮೂವತ್ತಾರು ಫೋಟೋ ತೆಗೆದೆ, ಎಣಿಕೆಯೂ ಮೂವತ್ತಾರಕ್ಕೆ ಬಂದಿತ್ತು. ತೊಳೆದಾಗ ರೀಲು ತುದಿಯಿಂದ ತುದಿಯವರೆಗೆ ಖಾಲಿ. ರೀಲಿನ ನಾಲಿಗೆ ಹಲ್ಲಿಗೆ ಸಿಕ್ಕಿರಲೇ ಇಲ್ಲ. ಗಡಿಬಿಡಿಯಲ್ಲಿ ನಾನು ನೋಡಿರಲಿಲ್ಲ. ಅಂದು ನಮ್ಮವ್ವ ತಂಗಿಗೆ ಹೂ ಮುಡಿಸುತ್ತಿದ್ದ ಕ್ಷಣ ಅದರೊಂದಿಗೇ ಹೋಯಿತು. ಆದ್ದರಿಂದ ರೀಲು ಹಾಕಿದ ಮೇಲೆ ರಿವೈಂಡ್ ಹಿಡಿಕೆಯನ್ನು ನಿಧಾನವಾಗಿ, ತುಸು ಬಿಗಿ ಸಿಗುವವರೆಗೆ ಮಾತ್ರ ಸುತ್ತಿರಿ. ಬಳಿಕ ಮುಂದಿನ ಫೋಟೋಗೆ ಎಳೆದಾಗ ಆ ಹಿಡಿಕೆ ತಾನಾಗಿ ಹಿಂದಕ್ಕೆ ತಿರುಗಬೇಕು. ತಿರುಗದಿದ್ದರೆ ಒಳಗೆ ರೀಲು ಸಾಗುತ್ತಿಲ್ಲ ಎಂದೇ ಅರ್ಥ.

ಈಗ ಬೆಳಕಿನ ಮಾತು. ನಿಮ್ಮ ಯಾಶಿಕಾದ ಶಟರ್ ವೇಗ ಒಂದೇ, ಫೋಕಸ್ ಕೂಡ ಸ್ಥಿರ. ಆರರಿಂದ ಹತ್ತು ಅಡಿ ದೂರದಲ್ಲಿ ನಿಂತು ತೆಗೆದದ್ದು ಚೆನ್ನಾಗಿ ಬರುತ್ತದೆ. ಮೂರು ಅಡಿಯಿಂದ ತೆಗೆದ ಮುಖ ಮಸುಕಾಗುತ್ತದೆ. ಓಣಿ, ಅಂಗಳ, ಕಟ್ಟೆ, ಸಂತೆಗಳಿಗೆ ಇದು ಸಾಕು. ಮಗ್ಗದ ಕೋಣೆಯೊಳಗೆ ಫ್ಲಾಶ್ ಇಲ್ಲದೆ ಇದರಿಂದ ಆಗದು. ಫ್ಲಾಶ್ ಹಾಕಿದರೆ ಕಿಟಕಿಯ ಬೆಳಕು ಸತ್ತು ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಬೀಳುತ್ತದೆ.

ಟ್ರಿಪ್ 35 ಉಪಯೋಗಕ್ಕೆ ಬರುವುದು ಇಲ್ಲಿಯೇ. 1967ರಿಂದ 1984ರವರೆಗೆ ತಯಾರಾದ ಆ ಕ್ಯಾಮೆರಾಕ್ಕೆ ಬ್ಯಾಟರಿಯೇ ಬೇಡ. ಮಸೂರದ ಸುತ್ತ ಜೇನುಗೂಡಿನಂತೆ ಕಾಣುವ ಸೆಲೆನಿಯಂ ಕೋಶ ಬೆಳಕಿನಿಂದಲೇ ಅಳತೆ ಮಾಡುತ್ತದೆ. 'ಎ' (ತಾನಾಗಿ ಹೊಂದಿಸುವ) ಗುರುತಿನಲ್ಲಿಟ್ಟಾಗ ಬೆಳಕು ಕಡಿಮೆಯಾದರೆ ನೋಡುವ ಕಿಂಡಿಯಲ್ಲಿ ಕೆಂಪು ಪಟ್ಟಿ ಎದ್ದು ಶಟರ್ ಬೀಳದೆ ನಿಲ್ಲುತ್ತದೆ. ಕೊಳ್ಳುವಾಗ ಇದೇ ಪರೀಕ್ಷೆ: ಕೋಶವನ್ನು ಅಂಗೈಯಿಂದ ಮುಚ್ಚಿದಾಗ ಕೆಂಪು ಪಟ್ಟಿ ಬರಬೇಕು, ಬಿಸಿಲಿಗೆ ಹಿಡಿದಾಗ ಶಟರ್ ಬೀಳಬೇಕು. ಮಸೂರದ ಉಂಗುರವನ್ನು 'ಎ' ಬಿಟ್ಟು 2.8ಕ್ಕೆ (ಮಸೂರ ಪೂರ್ತಿ ತೆರೆಯುವ ಗುರುತು) ತಿರುಗಿಸಿದರೆ ಶಟರ್ ವೇಗ ಸೆಕೆಂಡಿನ ನಲವತ್ತನೇ ಒಂದು ಭಾಗಕ್ಕೆ ಸ್ಥಿರವಾಗುತ್ತದೆ, ಕೆಂಪು ಪಟ್ಟಿ ತಡೆಯುವುದಿಲ್ಲ. 400ರ ರೀಲು (ಈ ಸಂಖ್ಯೆ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು) ಹಾಕಿ, ಮೊಣಕೈಯನ್ನು ಗೋಡೆಗೆ ಆನಿಸಿ ತೆಗೆದರೆ, ಕಿಟಕಿಯ ಬಳಿಯ ನಿಮ್ಮ ತಂದೆಯವರ ಮುಖ ಸ್ಪಷ್ಟವಾಗಿ ಬರುತ್ತದೆ. ಲಾಳಿ ಮಾತ್ರ ಗೆರೆಯಾಗಿ ಓಡುತ್ತದೆ, ಅದು ಹಾಗೆಯೇ ಇರಬೇಕು.

ಉತ್ತರ: ಕೆಲಗೇರಿಕಟ್ಟೆ, ಧಾರವಾಡ

ಮೇಲಿನ ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ವಿಷಯ ಸೇರಿಸಬೇಕು. ರೀಲಿನ ಬೆಲೆಯೇ ನಿಮ್ಮ ಚಿಂತೆಯಾಗಿದ್ದರೆ ಟ್ರಿಪ್‌ಗೆ ಬದಲಾಗಿ ಅದೇ ಕಂಪನಿಯ ಒಲಿಂಪಸ್ ಪೆನ್ ಇಇ ಸರಣಿಯದನ್ನು ಹುಡುಕಿ. ಅದು ಒಂದು ಫೋಟೋದ ಜಾಗದಲ್ಲಿ ಎರಡು ತೆಗೆಯುವ ಅರ್ಧ-ಫ್ರೇಮ್ ಕ್ಯಾಮೆರಾ. 36ರ ರೀಲಿನಲ್ಲಿ 72 ಫೋಟೋ ಬರುತ್ತವೆ. ಪೆಂಟಾಕ್ಸ್ ಕಂಪನಿ 2024ರಲ್ಲಿ ಹೊಸದಾಗಿ ತಂದ ಪೆಂಟಾಕ್ಸ್ 17 ಕೂಡ ಇದೇ ಕ್ರಮದ್ದು, ಆದರೆ ಅದರ ಬೆಲೆ ನಮ್ಮಂಥವರಿಗಲ್ಲ. ಹಳೆಯ ಪೆನ್ ಅನ್ನು ನಾನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ನೆಗೆಟಿವ್ ಚಿಕ್ಕದಾದ್ದರಿಂದ ದೊಡ್ಡ ಪ್ರಿಂಟಿನಲ್ಲಿ ಕಣ ಎದ್ದು ಕಾಣುತ್ತದೆ. ಆಲ್ಬಮ್ಮಿನ ಅಳತೆಗೆ ಯಾವ ತೊಂದರೆಯೂ ಇಲ್ಲ.

ಧಾರವಾಡದ ಮಳೆಗಾಲ ನನಗೆ ಕಲಿಸಿದ ಪಾಠವೂ ಇದೆ. ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿದಾಗ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಕ್ಯಾಮೆರಾದ ಮಸೂರದಲ್ಲಿ ಜೇಡರ ಬಲೆಯಂತಹ ಬೂಷ್ಟು ಬೆಳೆಯುತ್ತದೆ. ನಿಮ್ಮದು ಸೀರೆಯ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದದ್ದರಿಂದ ಮಸೂರದ ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಿ. ಇನ್ನು ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ.

ತೆಗೆಯುವ ಕ್ರಮದ ಬಗ್ಗೆ ಒಂದು ಮನವಿ. ಪ್ರತಿ ಫೋಟೋಗೂ ನೋಟುಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: ತಾರೀಖು, ಹೊತ್ತು, ಮಗ್ಗದ ಮೇಲೆ ಆಗ ಇದ್ದ ಸೀರೆ ಯಾವುದು, ಅದು ಯಾರಿಗೆ ಹೋಗಬೇಕಿತ್ತು. ಲೈನ್ ಬಜಾರಿನಲ್ಲಿ ಬೆಳಗಿನ ಹೊತ್ತು ನಾನು ತೆಗೆದ ಮೊದಲ ಐದು ರೀಲುಗಳಿಗೆ ಹಾಗೆ ಬರೆದಿಡಲಿಲ್ಲ; ಈಗ ಹಾಲಿನ ಕ್ಯಾನು ಹೊತ್ತ ಆ ಸೈಕಲ್ಲಿನವರು ಯಾರು, ಯಾವ ಊರಿನಿಂದ ಬರುತ್ತಿದ್ದರು ಎಂಬುದನ್ನು ಹೇಳುವವರು ಸಿಗುತ್ತಿಲ್ಲ.

ಪ್ರಶ್ನೆ ಕೇಳಿದವರು: ಮಗ್ಗದಮನೆ, ಬೆಟಗೇರಿ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಟಾರ್ಚ್ ಹಾಯಿಸಿ ನೋಡಿದೆ, ಮಸೂರ ಶುಭ್ರವಾಗಿದೆ. ಫೋಮ್ ಮಾತ್ರ ಹಿರಿಯರು ಹೇಳಿದಂತೆಯೇ ಬೆರಳಿಗೆ ಅಂಟಿತು. ಇನ್ನೊಂದು ಸಂದೇಹ: ಕಲರ್ ರೀಲನ್ನು ತೊಳೆಸಲು ಬೆಂಗಳೂರಿಗೆ ಕೊರಿಯರ್ ಮಾಡಬೇಕಾಗುತ್ತದೆ. ಕಪ್ಪು-ಬಿಳುಪು ಆರಿಸಿಕೊಂಡರೆ ಮನೆಯಲ್ಲಿಯೇ ತೊಳೆಯಬಹುದೇ?

ಉತ್ತರ: ಬ್ಯಾಡಗಿಯವ, ಹಾವೇರಿ ಜಿಲ್ಲೆ

ಖಂಡಿತ ತೊಳೆಯಲು ಬರುತ್ತದೆ. ನಾನು ಮೂರು ವರ್ಷದಿಂದ ಬಚ್ಚಲಮನೆಯಲ್ಲಿಯೇ ತೊಳೆಯುತ್ತಿದ್ದೇನೆ. ಕತ್ತಲ ಕೋಣೆ ಬೇಕಿಲ್ಲ; ತೋಳು ತೂರಿಸುವ ಕಪ್ಪು ಚೀಲದೊಳಗೆ ರೀಲನ್ನು, ಬೆಳಕು ಹೋಗದ ತೊಳೆಯುವ ಟ್ಯಾಂಕಿಗೆ ಸುತ್ತಿಬಿಟ್ಟರೆ ಉಳಿದ ಕೆಲಸವೆಲ್ಲ ಬೆಳಕಿನಲ್ಲಿಯೇ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ರೀಲನ್ನು ಚಿತ್ರ ಮೂಡಿಸುವ ಡಿ-76 ದ್ರಾವಣದಲ್ಲಿ ನೀರು ಬೆರೆಸದೆ 20 ಡಿಗ್ರಿ ಉಷ್ಣತೆಯಲ್ಲಿ ಏಳೂವರೆ ನಿಮಿಷ ಇಡಬೇಕು. ನಮ್ಮ ಭಾಗದ ಕಷ್ಟವೆಲ್ಲ ಆ 20 ಡಿಗ್ರಿಯಲ್ಲಿದೆ. ಏಪ್ರಿಲ್-ಮೇ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುತ್ತದೆ. ನಾನು ರಾತ್ರಿಯೇ ಹರವಿಯಿಂದ ನೀರು ತೆಗೆದು ಬೋಗುಣಿಗೆ ಹಾಕಿ, ಅದರಲ್ಲಿ ದ್ರಾವಣದ ಬಾಟಲಿ ನಿಲ್ಲಿಸಿ, ಸುತ್ತ ಐಸ್ ತುಂಡು ಹಾಕುತ್ತೇನೆ. ಥರ್ಮಾಮೀಟರ್ ನೋಡುತ್ತ ಬೆಳಿಗ್ಗೆ ಆರಕ್ಕೆ ಕೆಲಸ ಮುಗಿಸುತ್ತೇನೆ.

ನಳದ ನೀರು ದಿನವೂ ಬಾರದ ಮನೆಗಳಿಗೆ ಇಲ್ಫೋರ್ಡ್ ಕಂಪನಿಯೇ ಹೇಳಿಕೊಟ್ಟ, ಕೊನೆಗೆ ನೀರಿನಲ್ಲಿ ತೊಳೆಯುವ ಕ್ರಮ ಬಹಳ ಉಪಕಾರಿ. ಫಿಕ್ಸರ್ (ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ಆದ ಮೇಲೆ ಟ್ಯಾಂಕು ತುಂಬ ನೀರು ಹಾಕಿ ಐದು ಸಲ ತಲೆಕೆಳಗು ಮಾಡಿ ಚೆಲ್ಲುವುದು, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. ಒಂದು ರೀಲಿನ ಟ್ಯಾಂಕಿಗೆ ಒಟ್ಟು ಒಂದು ಲೀಟರ್ ಆಸುಪಾಸು ನೀರು ಸಾಕು. ಗಟ್ಟಿಗೊಳಿಸುವ ರಾಸಾಯನಿಕ ಇಲ್ಲದ ಫಿಕ್ಸರ್‌ಗೆ ಮಾತ್ರ ಈ ಕ್ರಮ ಹೊಂದುತ್ತದೆ ಎಂಬುದು ನೆನಪಿರಲಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದ ನೆಗೆಟಿವ್ ಮೇಲೆ ಬಿಳಿ ಚುಕ್ಕೆ ನಿಲ್ಲುತ್ತವೆ. ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ನೇತುಹಾಕಿ.

ಆದರೆ ಕಪ್ಪು-ಬಿಳುಪನ್ನು ಎಲ್ಲದಕ್ಕೂ ಬಳಸಬೇಡಿ. ನಮ್ಮ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಾನು ಮೊದಲು ತೆಗೆದ ರೀಲಿನಲ್ಲಿ, ರಾಶಿ ಹರವುತ್ತಿದ್ದ ಹೆಣ್ಣುಮಕ್ಕಳು, ಚೀಲ, ನೆಲ, ಮೆಣಸಿನಕಾಯಿ ಎಲ್ಲವೂ ಒಂದೇ ಬೂದಿಬಣ್ಣದಲ್ಲಿ ಕಲಸಿಹೋದವು. ಕಣ್ಣಿಗೆ ಅಷ್ಟು ಉರಿಯುವ ಕೆಂಪು ಅಲ್ಲಿ ಗುರುತೇ ಸಿಗಲಿಲ್ಲ. ನಿಮ್ಮ ತಂದೆಯವರು ಸೀರೆಯ ಅಂಚಿಗೆ ಬಣ್ಣ ಕೂಡಿಸುವ ದಿನ ಕಲರ್ ರೀಲೇ ಇರಲಿ. ಕಲರ್ ನೆಗೆಟಿವ್‌ಗೆ ಬೆಳಕು ತುಸು ಹೆಚ್ಚಾದರೂ ಅದು ತಾಳಿಕೊಳ್ಳುತ್ತದೆ, ಕಡಿಮೆಯಾದರೆ ನೆರಳು ಕೆಸರಾಗುತ್ತದೆ. ಹಾಗಾಗಿ ಮೋಡದ ದಿನ 200ರ ರೀಲು ಹಾಕಿ ಯಾಶಿಕಾದಲ್ಲಿ ರೀಲಿನ ಸಂಖ್ಯೆ ಹೊಂದಿಸುವ ಗುಂಡಿಯನ್ನು 100ಕ್ಕೆ ಇಡಿ, ಆಗ ಬೆಳಕು ತುಸು ಹೆಚ್ಚು ಸಿಗುತ್ತದೆ.

ಪ್ರಶ್ನೆ ಕೇಳಿದವರು: ಮಗ್ಗದಮನೆ, ಬೆಟಗೇರಿ

ಉಣ್ಣೆಯ ದಾರವನ್ನು ಅವ್ವನೇ ಕೂಡಿಸಿಕೊಟ್ಟಳು. ನನಗಿಂತ ಸೂಕ್ಷ್ಮವಾಗಿ, ಸೂಜಿಯ ತುದಿಯಿಂದ ತೋಡಿನೊಳಗೆ ಒತ್ತುತ್ತ. ಇಂದು ಬೆಳಿಗ್ಗೆ ರೀಲು ಹಾಕಿದೆ, ಹಿಡಿಕೆ ಹಿಂದಕ್ಕೆ ತಿರುಗಿದ್ದನ್ನು ಎರಡು ಸಲ ನೋಡಿದೆ. ಮೊದಲ ಫೋಟೋ: ಕಟ್ಟೆಯ ಮೇಲೆ ಅವ್ವ, ಎಂಟು ಅಡಿ ದೂರ, ಬೆಳಿಗ್ಗೆ ಏಳೂ ಕಾಲು, ಹಸಿರು ನೂಲಿನ ಕಂಡಿಕೆ. ಟ್ರಿಪ್ ನೋಡಲು ಭಾನುವಾರ ಹುಬ್ಬಳ್ಳಿಗೆ ಬರುತ್ತಿದ್ದೇನೆ. ಹಳೆಸ್ಟುಡಿಯೊ ಸರ್, ತಮಗೆ ಬಿಡುವಿದ್ದರೆ ತಾವೂ ಬಂದು ಆ ಕೆಂಪು ಪಟ್ಟಿಯನ್ನು ನನ್ನೊಂದಿಗೆ ನೋಡಬಹುದೇ?

ಉತ್ತರ: ಹಳೆಸ್ಟುಡಿಯೊ, ಹುಬ್ಬಳ್ಳಿ

ಅವಶ್ಯವಾಗಿ ಬರುತ್ತೇನೆ. ಬೆಳಿಗ್ಗೆ ಹತ್ತಕ್ಕೆ ದುರ್ಗದ ಬೈಲಿಗೆ ಬನ್ನಿ, ಆ ಹೊತ್ತಿಗೆ ಪರೀಕ್ಷೆಗೆ ಬೇಕಾದಷ್ಟು ಬಿಸಿಲು ಇರುತ್ತದೆ. ಯಾಶಿಕಾವನ್ನೂ ತನ್ನಿ, ಅವ್ವನವರು ಕೂಡಿಸಿದ ದಾರವನ್ನು ನೋಡಬೇಕು.