ಅಡಿಕೆ ಮಾರಿದ 12 ಲಕ್ಷ ಎಲ್ಲಿಡೋದು?

ಶಿರಸಿ ತೋಟಿಗ: ಷೇರುಪೇಟೆ ಅಲುಗಾಡ್ತಾ ಇದೆ. ಊರ ಸೊಸೈಟಿಯಲ್ಲಿ ಬಡ್ಡಿ ಜಾಸ್ತಿ. ಪೂರ್ತಿ ಅಲ್ಲೇ ಠೇವಣಿ ಇಡಬಹುದಾ?

ಲೆಕ್ಕಿಗ: ಪೂರ್ತಿ ಬೇಡ ಮಾರಾಯ್ರೆ. ಬ್ಯಾಂಕ್ ಮುಳುಗಿದರೆ ಠೇವಣಿ ಹಣ ಕೊಡುವ ಡಿಐಸಿಜಿಸಿ ವಿಮೆ ಬ್ಯಾಂಕುಗಳಿಗಷ್ಟೇ, ಊರ ಸೊಸೈಟಿಯಂಥ ಪ್ರಾಥಮಿಕ ಸಹಕಾರ ಸಂಘಗಳಿಗಿಲ್ಲ. ಬ್ಯಾಂಕಲ್ಲೂ ಅಸಲು, ಬಡ್ಡಿ ಸೇರಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ. ಅದೇ ಬ್ಯಾಂಕಿನ ಶಿರಸಿ, ಕಾರವಾರ ಶಾಖೆಗಳಲ್ಲಿ ಹಂಚಿಟ್ಟರೂ ಒಟ್ಟಿಗೇ ಲೆಕ್ಕ. ಬೇರೆ ಬೇರೆ ಬ್ಯಾಂಕಲ್ಲಿ ನಾಲ್ಕು ನಾಲ್ಕು ಲಕ್ಷ ಇಡಿ, ಬಡ್ಡಿ ಬೆಳೆಯೋಕೂ ಜಾಗ ಇರ್ತದೆ.

ಘಟ್ಟದ ಕೆಳಗಿನವ: ಅದಕ್ಕೂ ಮೊದಲು ಮುಂದಿನ ಕೊಯ್ಲಿನವರೆಗಿನ ಖರ್ಚು ಉಳಿತಾಯ ಖಾತೆಯಲ್ಲಿರಲಿ: ಗೊಬ್ಬರ, ಕೊಳೆರೋಗದ ಔಷಧಿ, ಅಡಿಕೆ ಕೊನೆ ಇಳಿಸುವ ಕೊನೆಗೌಡನ ಕೂಲಿ. ಉಳಿದದ್ದಕ್ಕೆ ಒಂದೇ ದೊಡ್ಡ ಎಫ್‌ಡಿ ಮಾಡಬೇಡಿ. ಅರ್ಧದಲ್ಲಿ ಮುರಿದರೆ ಬಡ್ಡಿ ಕಡಿತ. ಒಂದೊಂದು ಲಕ್ಷದಂತೆ 6, 12, 18, 24 ತಿಂಗಳಿಗೆ ಇಟ್ಟರೆ ಬೇಕಾದಷ್ಟೇ ಮುರಿಯಬಹುದು.

ಲೆಕ್ಕಿಗ: ಷೇರು ಬೇಕಿದ್ದರೆ ಇಂಡೆಕ್ಸ್ ಫಂಡಿಗೆ (ಸೆನ್ಸೆಕ್ಸ್‌ನಂಥ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡ್) ತಿಂಗಳ ಕಂತು, ಅದೂ ಏಳೆಂಟು ವರ್ಷ ಮುಟ್ಟದ ದುಡ್ಡು. 2008ರಲ್ಲಿ ಸೆನ್ಸೆಕ್ಸ್ ಅರ್ಧಕ್ಕಿಂತ ಕೆಳಗಿಳಿದಿತ್ತು. ಆಗ ಹೆದರಿ ಮಾರಿದವರದ್ದೇ ಖಾಯಂ ನಷ್ಟ.